ವಾರಾಂತ್ಯಕ್ಕೆ ಐರ್ಲೆಂಡ್: ಯಾವ ಐರ್ಲೆಂಡ್ ಎಂಬುದನ್ನು ಮೊದಲು ತೀರ್ಮಾನಿಸಿ

ಪ್ರಶ್ನೆ: ನಾನು ಇಂಗ್ಲೆಂಡಿನ ಲೀಡ್ಸ್ ನಗರದಲ್ಲಿ ಸ್ನಾತಕೋತ್ತರ ಪದವಿಗೆ ಓದುತ್ತಿದ್ದೇನೆ. ಇನ್ನು ಮೂರು ವಾರಕ್ಕೆ, ಮೇ ತಿಂಗಳ ಕೊನೆಯಲ್ಲಿ, ಶುಕ್ರವಾರ ಸಂಜೆ ಹೊರಟು ಭಾನುವಾರ ರಾತ್ರಿ ಮರಳುವಂತೆ ಆರು ಜನ ಗೆಳತಿಯರು ಐರ್ಲೆಂಡಿಗೆ ಹೋಗಬೇಕೆಂದಿದ್ದೇವೆ. ನಾಲ್ವರು ಕರ್ನಾಟಕದವರು, ಒಬ್ಬಳು ಹೈದರಾಬಾದಿನವಳು, ಒಬ್ಬಳು ಮಲೇಷ್ಯಾದವಳು. ಎಲ್ಲರದೂ ಬ್ರಿಟನ್ನಿನ ವಿದ್ಯಾರ್ಥಿ ವೀಸಾ. ಡಬ್ಲಿನ್, ಕ್ಲಿಫ್ಸ್ ಆಫ್ ಮೋಹರ್, ಜೈಂಟ್ಸ್ ಕಾಸ್‌ವೇ ಈ ಮೂರನ್ನೂ ನೋಡುವ ಆಸೆ ಇದೆ. ಬ್ರಿಟನ್ನಿನ ವೀಸಾ ಇದ್ದರೆ ಐರ್ಲೆಂಡಿಗೆ ಬೇರೆ ವೀಸಾ ಬೇಡ ಎಂದು ಸೀನಿಯರ್ ಒಬ್ಬರು ಹೇಳಿದರು. ಇದು ನಿಜವೇ? ಕಾರು ಬಾಡಿಗೆಗೆ ತೆಗೆದುಕೊಳ್ಳುವುದು ಒಳ್ಳೆಯದೇ? ನಮ್ಮಲ್ಲಿ ಮೂವರು ಸಸ್ಯಾಹಾರಿಗಳು.

ಉತ್ತರ: ನಿಮ್ಮ ಸೀನಿಯರ್ ಹೇಳಿದ್ದು ನಿಮ್ಮ ಮಟ್ಟಿಗೆ ನಿಜವಲ್ಲ. ಡಬ್ಲಿನ್ನಿನಲ್ಲಿ ಹಲವು ವರ್ಷ ವಿದೇಶಿ ವಿದ್ಯಾರ್ಥಿಗಳಿಗೆ ಸಲಹೆ ನೀಡುವ ಕೆಲಸ ಮಾಡಿದ ನಾನು ಈ ಒಂದು ತಪ್ಪು ತಿಳಿವಳಿಕೆಯಿಂದ ತೊಂದರೆಗೆ ಸಿಕ್ಕ ಮಕ್ಕಳನ್ನು ಕಣ್ಣಾರೆ ಕಂಡಿದ್ದೇನೆ. ಆದ್ದರಿಂದ ಊರು, ಊಟ, ಬೆಟ್ಟ, ಸಮುದ್ರ ಎಲ್ಲವನ್ನೂ ಬದಿಗಿಟ್ಟು ಮೊದಲು ವೀಸಾದ ಮಾತನ್ನೇ ಬಿಡಿಸಿ ಹೇಳುತ್ತೇನೆ.

ಐರ್ಲೆಂಡ್ ಎನ್ನುವುದು ಒಂದೇ ದ್ವೀಪ, ಆದರೆ ಅದರ ಮೇಲೆ ಎರಡು ರಾಜ್ಯಾಧಿಕಾರಗಳಿವೆ. 1921ರಲ್ಲಿ ದ್ವೀಪ ಇಬ್ಭಾಗವಾದಾಗ ಈಶಾನ್ಯದ ಆರು ಕೌಂಟಿಗಳು ಉತ್ತರ ಐರ್ಲೆಂಡ್ ಎಂಬ ಹೆಸರಿನಲ್ಲಿ ಬ್ರಿಟನ್ನಿನೊಳಗೇ ಉಳಿದವು. ಉಳಿದ ಇಪ್ಪತ್ತಾರು ಕೌಂಟಿಗಳು ಇಂದಿನ ಐರ್ಲೆಂಡ್ ಗಣರಾಜ್ಯ. ಬೆಲ್‌ಫಾಸ್ಟ್ ಮತ್ತು ಕಡಲಂಚಿನ ಕಲ್ಲುಕಂಬಗಳ ಜಾಗವಾದ ಜೈಂಟ್ಸ್ ಕಾಸ್‌ವೇ ಮೊದಲನೆಯದರಲ್ಲಿವೆ, ಡಬ್ಲಿನ್ ಮತ್ತು ಕ್ಲಿಫ್ಸ್ ಆಫ್ ಮೋಹರ್ ಎರಡನೆಯದರಲ್ಲಿವೆ. ಎರಡು ದೇಶಗಳ ನಡುವೆ 1920ರ ದಶಕದಿಂದಲೂ ಮುಕ್ತ ಸಂಚಾರದ ಒಪ್ಪಂದವಿದೆ, ಗಡಿಯಲ್ಲಿ ಚೌಕಿ ಇಲ್ಲ, ತಡೆಗಂಬವಿಲ್ಲ. ಆದರೆ ಆ ಒಪ್ಪಂದದ ಹಕ್ಕು ಬ್ರಿಟಿಷ್ ಮತ್ತು ಐರಿಷ್ ನಾಗರಿಕರದು, ಭಾರತದ ಪಾಸ್‌ಪೋರ್ಟ್ ಹಿಡಿದವರದಲ್ಲ. ಚೌಕಿ ಇಲ್ಲ ಎಂದ ಮಾತ್ರಕ್ಕೆ ಕಾನೂನು ಇಲ್ಲ ಎಂದಾಗುವುದಿಲ್ಲ.

ನಿಮ್ಮ ಸೀನಿಯರ್ ಕೇಳಿದ್ದು ಪೂರ್ತಿ ಸುಳ್ಳೂ ಅಲ್ಲ, ಗೊಂದಲ ಹುಟ್ಟಿದ್ದು ಅಲ್ಲಿಂದಲೇ. ಬ್ರಿಟನ್ನಿಗೆ ಪ್ರವಾಸಿ ವೀಸಾದ ಮೇಲೆ ಅಲ್ಪಾವಧಿಗೆ ಬಂದ ಭಾರತೀಯರಿಗೆ ಅದೇ ವೀಸಾದ ಮೇಲೆ ಐರ್ಲೆಂಡಿಗೂ ಹೋಗಿಬರುವ ಅವಕಾಶವನ್ನು ಕೆಲವು ಷರತ್ತುಗಳೊಡನೆ ಕೊಡುವ ಯೋಜನೆಗಳು ಇವೆ. ಅವುಗಳಲ್ಲಿ ಒಂದು 2011ರಲ್ಲಿ ಆರಂಭವಾಯಿತು, ಇನ್ನೊಂದು ಭಾರತೀಯರಿಗೆ 2015ರಲ್ಲಿ ತೆರೆಯಿತು. ಮಗಳನ್ನು ನೋಡಲು ಬಂದ ತಂದೆತಾಯಿ ಹೀಗೆ ಡಬ್ಲಿನ್ನಿಗೆ ಹೋಗಿಬಂದಿರುತ್ತಾರೆ, ಅದನ್ನು ಕೇಳಿದವರು ವಿದ್ಯಾರ್ಥಿಗಳಿಗೂ ಹಾಗೆಯೇ ಎಂದುಕೊಳ್ಳುತ್ತಾರೆ. ವಿದ್ಯಾರ್ಥಿ ವೀಸಾ ಈ ಯೋಜನೆಗಳೊಳಗೆ ಬರುವುದಿಲ್ಲ. ಯುರೋಪಿನ ಹಲವು ದೇಶಗಳಿಗೆ ಒಟ್ಟಾಗಿ ಸಲ್ಲುವ ಷೆಂಗೆನ್ ವೀಸಾ ಇದ್ದರೂ ಪ್ರಯೋಜನವಿಲ್ಲ, ಏಕೆಂದರೆ ಐರ್ಲೆಂಡ್ ಯುರೋಪಿಯನ್ ಒಕ್ಕೂಟದ ಸದಸ್ಯ ದೇಶವಾದರೂ ಷೆಂಗೆನ್ ವಲಯದಲ್ಲಿಲ್ಲ. ಹಾಗಾಗಿ ನೀವು ಐವರು ಭಾರತೀಯರೂ ಗಣರಾಜ್ಯದ ನೆಲಕ್ಕೆ ಕಾಲಿಡುವ ಮೊದಲು ಐರಿಷ್ ವೀಸಾ ಪಡೆದಿರಲೇಬೇಕು. ಮಲೇಷ್ಯಾದ ಗೆಳತಿಗೆ ಮಾತ್ರ ಬೇಡ, ಆ ದೇಶದವರಿಗೆ ಅಲ್ಪಾವಧಿ ಭೇಟಿಗೆ ವೀಸಾ ಅಗತ್ಯವಿಲ್ಲ.

ಮೂರು ವಾರದಲ್ಲಿ ಆ ವೀಸಾ ಸಿಗುತ್ತದೆಯೇ ಎಂದರೆ, ಅದನ್ನು ನಂಬಿ ಹೊರಡಬೇಡಿ ಎನ್ನುತ್ತೇನೆ. ಅರ್ಜಿ ಸಲ್ಲಿಸಿದ ಮೇಲೆ ಎಂಟು ವಾರಗಳ ಕಾಲಾವಕಾಶ ಇಟ್ಟುಕೊಳ್ಳುವಂತೆ ಐರ್ಲೆಂಡಿನ ವಲಸೆ ಇಲಾಖೆಯೇ ಹೇಳುತ್ತದೆ. ಕೆಲವರಿಗೆ ಬೇಗ ಬಂದದ್ದುಂಟು, ಆದರೆ ಐದು ಅರ್ಜಿಗಳಲ್ಲಿ ನಾಲ್ಕು ಬಂದು ಒಂದು ಉಳಿದರೆ ಆ ಗೆಳತಿಯನ್ನು ಬಿಟ್ಟು ನಿಮಗೆ ಹೋಗಲು ಮನಸ್ಸಾಗುವುದಿಲ್ಲ. ಇಲಾಖೆ ಇನ್ನೊಂದು ಮಾತನ್ನೂ ಹೇಳುತ್ತದೆ: ವೀಸಾ ಕೈಗೆ ಬರುವ ಮೊದಲು ಟಿಕೆಟ್ ಕೊಳ್ಳಬೇಡಿ.

ಇಷ್ಟು ಕೇಳಿದ ಮೇಲೆ, ಬೆಲ್‌ಫಾಸ್ಟಿನ ತನಕ ವಿಮಾನದಲ್ಲಿ ಹೋಗಿ ಅಲ್ಲಿಂದ ಬಸ್ಸಿನಲ್ಲಿ ಡಬ್ಲಿನ್ನಿಗೆ ಇಳಿದರೆ ಯಾರು ನೋಡುತ್ತಾರೆ ಎಂಬ ಯೋಚನೆ ಗುಂಪಿನಲ್ಲಿ ಯಾರಿಗಾದರೂ ಬಂದೇ ಬರುತ್ತದೆ. ನನಗೆ ಪರಿಚಯವಿದ್ದ, ದಾವಣಗೆರೆ ಕಡೆಯ ಹುಡುಗನೊಬ್ಬ ಹೀಗೆಯೇ ಯೋಚಿಸಿದ್ದ. ಗಡಿ ದಾಟಿ ಸ್ವಲ್ಪ ದೂರ ಬಂದ ಮೇಲೆ ಬಸ್ಸು ನಿಂತಿತು, ಐರಿಷ್ ಪೊಲೀಸರು ಮೇಲೆ ಹತ್ತಿ ಸಾಲುಸಾಲಾಗಿ ಗುರುತಿನ ಪತ್ರ ಕೇಳುತ್ತ ಬಂದರು, ಇವನ ಸರದಿ ಬಂದಾಗ ಕೆಳಗಿಳಿಸಿದರು. ಅವನನ್ನು ಬಂದ ದಾರಿಗೇ ಮರಳಿ ಕಳಿಸಿದರು, ಅಷ್ಟಕ್ಕೇ ಮುಗಿಯಲಿಲ್ಲ. ಮುಂದೆ ಬ್ರಿಟನ್ನಿನಲ್ಲಿ ಕೆಲಸದ ವೀಸಾಕ್ಕೆ ಅರ್ಜಿ ತುಂಬುವಾಗ, ಯಾವುದೇ ದೇಶದಲ್ಲಿ ಪ್ರವೇಶ ನಿರಾಕರಣೆಯಾಗಿದೆಯೇ ಎಂಬ ಪ್ರಶ್ನೆಯ ಮುಂದೆ ಅವನು ಎರಡು ದಿನ ಕುಳಿತದ್ದನ್ನು ನಾನು ಬಲ್ಲೆ. ಪ್ರತಿ ಬಸ್ಸನ್ನೂ ನಿಲ್ಲಿಸುವುದಿಲ್ಲ ಎಂಬುದು ನಿಜ. ನಿಮ್ಮ ಬಸ್ಸನ್ನು ನಿಲ್ಲಿಸುವುದಿಲ್ಲ ಎಂದು ಹೇಳಬಲ್ಲವರು ಯಾರೂ ಇಲ್ಲ.

ಹಾಗಾದರೆ ಪ್ರವಾಸವನ್ನೇ ಕೈಬಿಡಬೇಕೇ? ಖಂಡಿತ ಬೇಡ. ಈ ಬಾರಿ ಉತ್ತರ ಐರ್ಲೆಂಡಿಗೆ ಮಾತ್ರ ಹೋಗಿ, ಡಬ್ಲಿನ್ನನ್ನು ವೀಸಾ ಪಡೆದು ಇನ್ನೊಂದು ವಾರಾಂತ್ಯಕ್ಕೆ ಇಟ್ಟುಕೊಳ್ಳಿ ಎಂಬುದು ನನ್ನ ಸ್ಪಷ್ಟ ಸಲಹೆ. ಕಾನೂನಿನ ಕಾರಣ ಬಿಟ್ಟರೂ ಇದೇ ಸರಿ. ಡಬ್ಲಿನ್ನಿನಿಂದ ಮೋಹರ್ ಬಂಡೆಗಳು ಪಶ್ಚಿಮ ಕರಾವಳಿಯಲ್ಲಿ, ಸುಮಾರು 270 ಕಿಲೋಮೀಟರ್ ದೂರದಲ್ಲಿವೆ. ಹೋಗಲು ಮೂರೂವರೆ ಗಂಟೆ, ಬರಲು ಮೂರೂವರೆ ಗಂಟೆ. ಕಾಸ್‌ವೇ ಉತ್ತರದ ತುದಿಯಲ್ಲಿದೆ. ಎರಡು ದಿನದಲ್ಲಿ ಮೂರನ್ನೂ ಹಿಡಿಯಲು ಹೊರಟರೆ ನೀವು ನೋಡುವುದು ಬಸ್ಸಿನ ಕಿಟಕಿಯ ಮೇಲಿನ ಮಳೆಹನಿಗಳನ್ನು.

ಬೆಲ್‌ಫಾಸ್ಟಿಗೆ ಲೀಡ್ಸ್, ಮ್ಯಾಂಚೆಸ್ಟರ್, ಲಿವರ್‌ಪೂಲ್ ಮೂರೂ ಕಡೆಯಿಂದ ವಿಮಾನಗಳಿವೆ, ಹಾರಾಟ ಒಂದು ಗಂಟೆಯ ಆಸುಪಾಸು. ಅಲ್ಲಿ ಎರಡು ವಿಮಾನ ನಿಲ್ದಾಣಗಳಿವೆ ಎಂಬುದನ್ನು ಟಿಕೆಟ್ ಕೊಳ್ಳುವಾಗ ಗಮನಿಸಿ. ಜಾರ್ಜ್ ಬೆಸ್ಟ್ ಹೆಸರಿನ ನಗರ ವಿಮಾನ ನಿಲ್ದಾಣ ಊರಿನ ಮಗ್ಗುಲಲ್ಲೇ ಇದೆ, ಅಂತರರಾಷ್ಟ್ರೀಯ ನಿಲ್ದಾಣ ಸುಮಾರು 30 ಕಿಲೋಮೀಟರ್ ಆಚೆ ಇದೆ; ಟಿಕೆಟ್ಟಿನಲ್ಲಿ ಉಳಿಸಿದ್ದು ಕೆಲವೊಮ್ಮೆ ಬಸ್ಸಿಗೇ ಹೋಗುತ್ತದೆ. ವಿಮಾನ ಬೇಡವೆಂದರೆ ಲಿವರ್‌ಪೂಲ್ ಎದುರಿನ ಬರ್ಕನ್‌ಹೆಡ್‌ನಿಂದ ರಾತ್ರಿ ಹೊರಟು ಸುಮಾರು ಎಂಟು ಗಂಟೆಯಲ್ಲಿ ಬೆಳಗಾಗುವ ಹೊತ್ತಿಗೆ ಬೆಲ್‌ಫಾಸ್ಟ್ ಮುಟ್ಟುವ ಹಡಗು ಇದೆ, ಅದರಲ್ಲಿ ಒಂದು ರಾತ್ರಿಯ ವಸತಿಯ ಖರ್ಚೂ ಉಳಿಯುತ್ತದೆ. ಇದು ದೇಶದೊಳಗಿನ ಪ್ರಯಾಣವಾದ್ದರಿಂದ ವಲಸೆ ತಪಾಸಣೆಯ ಸಾಲು ಇರುವುದಿಲ್ಲ, ಆದರೂ ಪಾಸ್‌ಪೋರ್ಟ್ ಜೊತೆಗಿರಲಿ, ಇ-ವೀಸಾ ಖಾತೆ ಫೋನಿನಲ್ಲಿ ತೆರೆಯುತ್ತದೆಯೇ ಎಂದು ಹಿಂದಿನ ರಾತ್ರಿಯೇ ನೋಡಿಕೊಳ್ಳಿ.

ಶನಿವಾರ ಇಡೀ ದಿನವನ್ನು ಕಾಸ್‌ವೇಗೆ ಕೊಡಿ. ಬೆಲ್‌ಫಾಸ್ಟಿನ ಗ್ರ್ಯಾಂಡ್ ಸೆಂಟ್ರಲ್ ನಿಲ್ದಾಣದಿಂದ ಕೋಲ್‌ರೇನ್ ತನಕ ರೈಲು, ಅಲ್ಲಿಂದ 172ನೇ ನಂಬರಿನ ಬಸ್ಸು. ಭಾನುವಾರ ಬಸ್ಸುಗಳು ವಿರಳ, ಅದಕ್ಕಾಗಿಯೇ ಶನಿವಾರ ಎಂದೆ. ಬೆಳಗಿನ ಮೊದಲ ರೈಲುಗಳಲ್ಲಿ ಒಂದನ್ನು ಹಿಡಿದರೆ ಪ್ರವಾಸಿ ಬಸ್ಸುಗಳ ಗುಂಪು ಬರುವ ಮೊದಲು ನೀವು ಕಲ್ಲುಗಳ ಮೇಲಿರುತ್ತೀರಿ. ಅಲ್ಲಿನ ಸಂದರ್ಶಕರ ಕೇಂದ್ರಕ್ಕೆ ಟಿಕೆಟ್ ಇದೆ, ಆದರೆ ಕಲ್ಲುಗಳ ತನಕ ನಡೆದುಹೋಗುವುದಕ್ಕೆ ಹಣ ಕೊಡಬೇಕಾಗಿಲ್ಲ. ಕೇಂದ್ರದ ಒಳಗೆ ಹೋಗಲೇಬೇಕು ಎಂದು ಭಾವಿಸಿ ಟಿಕೆಟ್ ಕೊಳ್ಳುವ ವಿದ್ಯಾರ್ಥಿಗಳು ಬಹಳ.

ಉಡುಪಿಯ ಕಡೆಯವರು ನಿಮ್ಮ ಗುಂಪಿನಲ್ಲಿದ್ದರೆ ಅವರಿಗೆ ಈ ಜಾಗ ನೋಡಿದೊಡನೆ ಮಲ್ಪೆಯ ಸೇಂಟ್ ಮೇರಿ ದ್ವೀಪ ನೆನಪಾಗುತ್ತದೆ, ಆ ನೆನಪು ಸರಿಯಾದದ್ದೇ. ಎರಡೂ ಕಡೆ ಲಾವಾ ನಿಧಾನವಾಗಿ ತಣಿಯುತ್ತ ಕುಗ್ಗಿ, ಕೆರೆಯ ಕೆಸರು ಬಿಸಿಲಿಗೆ ಬಿರಿಯುವ ಹಾಗೆ ಬಿರಿದು, ಆ ಬಿರುಕು ಕೆಳಕ್ಕಿಳಿಯುತ್ತ ಹೋಗಿ ಕಂಬಗಳಾಗಿವೆ. ಮಲ್ಪೆಯ ಕಲ್ಲು ಮಡಗಾಸ್ಕರ್ ಭಾರತದಿಂದ ಕಳಚಿಕೊಂಡ ಕಾಲದ್ದು, ಸುಮಾರು 8.8 ಕೋಟಿ ವರ್ಷ ಹಳೆಯದು. ಕಾಸ್‌ವೇಯ ಬಸಾಲ್ಟ್ ಉತ್ತರ ಅಟ್ಲಾಂಟಿಕ್ ಸಾಗರ ಬಾಯಿ ತೆರೆಯುತ್ತಿದ್ದ ಕಾಲದ್ದು, ಸುಮಾರು 6 ಕೋಟಿ ವರ್ಷದ್ದು. ಇಲ್ಲಿ ಸುಮಾರು 40,000 ಕಂಬಗಳಿವೆ, ಹೆಚ್ಚಿನವು ಆರು ಮುಖದವು. 1986ರಲ್ಲಿ ಯುನೆಸ್ಕೋ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಅಲ್ಲಿ ನಿಂತಾಗ ಬರೀ ಫೋಟೊ ತೆಗೆದು ಹೊರಡಬೇಡಿ, ಒಂದು ಕಂಬದ ತಲೆಯ ಮುಂದೆ ಕುಕ್ಕರಗಾಲಿನಲ್ಲಿ ಕುಳಿತು ನೋಡಿ. ಕೆಲವು ಕಂಬಗಳ ತಲೆ ತಟ್ಟೆಯಂತೆ ತಗ್ಗಾಗಿರುತ್ತದೆ, ಅದರಲ್ಲಿ ಮಳೆನೀರೋ ಅಲೆಯ ನೀರೋ ನಿಂತಿರುತ್ತದೆ. ಪಕ್ಕದ್ದರ ತಲೆ ಉಬ್ಬಿರುತ್ತದೆ. ಕಂಬವೊಂದು ಅಡ್ಡಡ್ಡಲಾಗಿಯೂ ಬಿರಿದು ತುಂಡುತುಂಡಾಗಿದ್ದು, ಒಂದು ತುಂಡಿನ ಉಬ್ಬು ಇನ್ನೊಂದರ ತಗ್ಗಿನಲ್ಲಿ ಕೂತಿದ್ದ ಗುರುತು ಅದು. ಬಿರುಕುಗಳಲ್ಲಿ ನಾಣ್ಯ ಸಿಕ್ಕಿಸಿರುವುದೂ ಕಾಣುತ್ತದೆ. ಹರಕೆಯಂತೆ ನಾಣ್ಯ ತುರುಕುವ ಈ ಅಭ್ಯಾಸದಿಂದ ಕಲ್ಲಿಗೆ ಹಾನಿಯಾಗುತ್ತಿದೆ. ಲೋಹ ತುಕ್ಕು ಹಿಡಿದು ಹಿಗ್ಗಿ ಕಲ್ಲಿನ ಅಂಚನ್ನು ಒಡೆಯುತ್ತದೆ, ಕಂದು ಕಲೆ ಇಳಿಯುತ್ತದೆ. ಸ್ಥಳವನ್ನು ನೋಡಿಕೊಳ್ಳುವ ನ್ಯಾಷನಲ್ ಟ್ರಸ್ಟ್ ದಯವಿಟ್ಟು ನಿಲ್ಲಿಸಿ ಎಂದು ಕೇಳಿಕೊಂಡಿದೆ. ನೀವು ಹಾಕಬೇಡಿ, ಗೆಳತಿಯರು ಹಾಕಲು ಹೋದರೆ ಕೈ ಹಿಡಿಯಿರಿ.

ಇನ್ನೊಂದು ಎಚ್ಚರಿಕೆ ಕಲ್ಲಿನ ಬಣ್ಣದ್ದು. ದಡದ ಕಡೆಯ ಬೂದು ಕಲ್ಲುಗಳ ಮೇಲೆ ಕಾಲು ನಿಲ್ಲುತ್ತದೆ. ನೀರಿನ ಹತ್ತಿರದ ಕಪ್ಪು ಕಲ್ಲುಗಳು ಅಲೆ ಮುಟ್ಟುವ ಜಾಗದವು, ನಮ್ಮ ಕೆರೆಯ ಪಾವಟಿಗೆಯ ಪಾಚಿಯಂತೆ ಜಾರುತ್ತವೆ. ಸಮುದ್ರಕ್ಕೆ ಬೆನ್ನು ಹಾಕಿ ಫೋಟೊಗೆ ನಿಲ್ಲಬೇಡಿ. ತಳ ಒರಟಾಗಿರುವ ಬೂಟು ಹಾಕಿಕೊಳ್ಳಿ, ಕೊಡೆಯ ಬದಲು ತಲೆ ಮುಚ್ಚುವ ಮಳೆ ಅಂಗಿ ತನ್ನಿ. ಆ ಗಾಳಿಗೆ ಕೊಡೆ ಐದು ನಿಮಿಷ ಬಾಳುವುದಿಲ್ಲ. ಕಲ್ಲುಗಳಿಂದ ಮುಂದೆ ನಡೆದರೆ ಬಂಡೆಯ ಗೋಡೆಯಲ್ಲಿ ಸಾಲಾಗಿ ನಿಂತ ಎತ್ತರದ ಕಂಬಗಳು ಸಿಗುತ್ತವೆ, ಅದಕ್ಕೆ ಚರ್ಚಿನ ಕೊಳವೆ ವಾದ್ಯದ ಆರ್ಗನ್ ಎಂಬ ಹೆಸರು. ಅಲ್ಲಿಂದ ಕುರುಬರ ಮೆಟ್ಟಿಲು ಎಂದು ಕರೆಯುವ 162 ಮೆಟ್ಟಿಲು ಹತ್ತಿ ಬಂಡೆಯ ನೆತ್ತಿಯ ದಾರಿಯಲ್ಲಿ ಮರಳಬಹುದು. ಅದು ತಪ್ಪಿಸಿಕೊಳ್ಳಬಾರದ ನಡಿಗೆ. ಮೇ ಕೊನೆಯಲ್ಲಿ ರಾತ್ರಿ ಒಂಬತ್ತು ದಾಟಿದರೂ ಬೆಳಕು ಇರುವುದರಿಂದ ಕತ್ತಲಾಗುವ ಭಯವಿಲ್ಲ, ಕೊನೆಯ ಬಸ್ಸಿನ ವೇಳೆಯನ್ನು ಮಾತ್ರ ಬರೆದಿಟ್ಟುಕೊಳ್ಳಿ.

ಈ ಕಲ್ಲುಹಾದಿಗೆ ಅಲ್ಲಿಯವರು ಹೇಳುವ ಕಥೆ ನಮ್ಮ ಅಜ್ಜಿಯರ ಕಥೆಗಳ ಜಾತಿಯದೇ. ಫಿನ್ ಮೆಕೂಲ್ ಎಂಬ ಐರಿಷ್ ದೈತ್ಯ ಸ್ಕಾಟ್ಲೆಂಡಿನ ಬೆನಂಡಾನರ್ ಎಂಬ ದೈತ್ಯನೊಡನೆ ಕಾದಾಡಲು ಸಮುದ್ರಕ್ಕೆ ಈ ಹಾದಿ ಕಟ್ಟಿದನಂತೆ. ಎದುರಾಳಿಯ ಗಾತ್ರ ಕಂಡು ಹೆದರಿ ಮನೆಗೆ ಓಡಿದಾಗ ಹೆಂಡತಿ ಊನಾ ಅವನಿಗೆ ಕೂಸಿನ ಬಟ್ಟೆ ಸುತ್ತಿ ತೊಟ್ಟಿಲಲ್ಲಿ ಮಲಗಿಸಿದಳಂತೆ. ಕೂಸೇ ಇಷ್ಟು ದೊಡ್ಡದಾದರೆ ಅಪ್ಪ ಎಷ್ಟಿದ್ದಾನು ಎಂದು ಬೆನಂಡಾನರ್ ಹಾದಿಯನ್ನು ಕಿತ್ತುಹಾಕುತ್ತ ಓಡಿಹೋದ. ಸ್ಕಾಟ್ಲೆಂಡಿನ ಸ್ಟಾಫಾ ದ್ವೀಪದಲ್ಲಿ ಇಂಥದೇ ಕಂಬಗಳಿರುವುದನ್ನು ನೋಡಿದ ಜನ ಕಟ್ಟಿದ ಕಥೆ ಇದು. ದಡದ ಈ ತುದಿ ಆ ತುದಿ ಎರಡನ್ನೂ ಬಲ್ಲ ಬೆಸ್ತರಿಂದಲೇ ಇದು ಹುಟ್ಟಿರಬೇಕು ಎಂದು ನನಗೆ ಅನ್ನಿಸುತ್ತದೆ.

ಭಾನುವಾರ ಬೆಲ್‌ಫಾಸ್ಟ್ ನಗರಕ್ಕೆ ಇರಲಿ. ಅಲ್ಲಿ ಭಾನುವಾರ ದೊಡ್ಡ ಅಂಗಡಿಗಳು ಮಧ್ಯಾಹ್ನ ಒಂದರಿಂದ ಸಂಜೆ ಆರರ ತನಕ ಮಾತ್ರ ತೆರೆಯುತ್ತವೆ, ಆದ್ದರಿಂದ ಬೆಳಗಿನ ತಿಂಡಿಗೆ ಸೇಂಟ್ ಜಾರ್ಜ್ ಮಾರುಕಟ್ಟೆಗೆ ಹೋಗಿ. 1890ರ ದಶಕದ ಆ ಕೆಂಪು ಇಟ್ಟಿಗೆಯ ಕಟ್ಟಡದ ಸಂತೆ ಶುಕ್ರವಾರದಿಂದ ಭಾನುವಾರದವರೆಗೆ ನಡೆಯುತ್ತದೆ. ನಂತರ ಟೈಟಾನಿಕ್ ಹಡಗು ಕಟ್ಟಿದ ಜಾಗ. 2012ರಲ್ಲಿ ತೆರೆದ ಟೈಟಾನಿಕ್ ಬೆಲ್‌ಫಾಸ್ಟ್ ವಸ್ತುಪ್ರದರ್ಶನ ಚೆನ್ನಾಗಿದೆ, ಆದರೆ ವಿದ್ಯಾರ್ಥಿಯ ಜೇಬಿಗೆ ಟಿಕೆಟ್ ಭಾರವೇ. ಹಣ ಸಾಲದಿದ್ದರೆ ಕಟ್ಟಡದ ಹಿಂದಿನ ಬಯಲಿಗೆ ಹೋಗಿ. 1911ರ ಮೇ 31ರಂದು ಟೈಟಾನಿಕ್ ನೀರಿಗಿಳಿದ ಇಳಿಜಾರು ಅಲ್ಲಿದೆ, ಹಡಗಿನ ಆಕಾರವನ್ನು ನೆಲದ ಮೇಲೆ ಗುರುತು ಮಾಡಿದ್ದಾರೆ, ಯಾರೂ ಟಿಕೆಟ್ ಕೇಳುವುದಿಲ್ಲ. ಮೂತಿಯಿಂದ ಹಿಂಬದಿಯ ತನಕ ಒಮ್ಮೆ ನಡೆದು ನೋಡಿದರೆ ಆ ಹಡಗಿನ ಉದ್ದ ಕಾಲಿಗೆ ತಿಳಿಯುತ್ತದೆ. ಬಟಾನಿಕ್ ಗಾರ್ಡನ್ಸ್ ಒಳಗಿನ ಅಲ್‌ಸ್ಟರ್ ಮ್ಯೂಸಿಯಮ್ಮಿಗೂ ಪ್ರವೇಶ ಉಚಿತ.

ಮಧ್ಯಾಹ್ನದ ಎರಡು ಗಂಟೆಯನ್ನು ಫಾಲ್ಸ್ ರಸ್ತೆ ಮತ್ತು ಶಾಂಕಿಲ್ ರಸ್ತೆಗಳ ನಡುವಿನ ಗೋಡೆಗೆ ಮೀಸಲಿಡಿ. ಐರ್ಲೆಂಡ್ ಒಂದಾಗಬೇಕೆನ್ನುವ ಕ್ಯಾಥೊಲಿಕ್ ಸಮುದಾಯ, ಬ್ರಿಟನ್ನಿನೊಡನೆ ಉಳಿಯಬೇಕೆನ್ನುವ ಪ್ರಾಟೆಸ್ಟಂಟ್ ಸಮುದಾಯ, ಇವೆರಡರ ನಡುವೆ 1960ರ ದಶಕದ ಕೊನೆಯಿಂದ ಮೂವತ್ತು ವರ್ಷ ನಡೆದ ಹಿಂಸೆಯಲ್ಲಿ ಸುಮಾರು 3,500 ಜನ ಸತ್ತರು. 1998ರ ಏಪ್ರಿಲ್ 10ರ ಗುಡ್ ಫ್ರೈಡೇ ಒಪ್ಪಂದ ಅದಕ್ಕೆ ತೆರೆ ಎಳೆಯಿತು. ಗೋಡೆಗಳು ಮಾತ್ರ ಇನ್ನೂ ಇವೆ, ಕೆಲವು ಗೇಟುಗಳನ್ನು ಇಂದಿಗೂ ಸಂಜೆಯಾದರೆ ಮುಚ್ಚುತ್ತಾರೆ. ಕಪ್ಪು ಟ್ಯಾಕ್ಸಿಯ ಚಾಲಕರು ಈ ಬೀದಿಗಳನ್ನು ತೋರಿಸಿ ವಿವರಿಸುತ್ತಾರೆ. ಅವರಲ್ಲಿ ಅನೇಕರು ಆ ಕಾಲವನ್ನು ಅಲ್ಲೇ ಬದುಕಿದವರು. ಬಾಡಿಗೆ ಗುಂಪಿನ ಲೆಕ್ಕದಲ್ಲಿರುವುದರಿಂದ ಹಂಚಿಕೊಂಡರೆ ಹೊರೆಯಾಗದು. ಇಲ್ಲಿ ದಯವಿಟ್ಟು ಒಂದು ಸೂಕ್ಷ್ಮ ಪಾಲಿಸಿ: ಯಾರನ್ನೂ ನೀವು ಯಾವ ಕಡೆಯವರು ಎಂದು ಕೇಳಬೇಡಿ, ಭಿತ್ತಿಚಿತ್ರಗಳ ಮುಂದೆ ನಗುನಗುತ್ತ ಗುಂಪು ಫೋಟೊ ತೆಗೆಯಬೇಡಿ. ಅವುಗಳಲ್ಲಿ ಕೆಲವು ಸತ್ತವರ ಮುಖಗಳು, ಅವರ ಮನೆಯವರು ಅದೇ ಬೀದಿಯಲ್ಲಿದ್ದಾರೆ.

ಕಾರಿನ ವಿಷಯ ಚಿಕ್ಕದಾಗಿ ಹೇಳುತ್ತೇನೆ: ಬೇಡ. ಬಾಡಿಗೆ ಕಂಪನಿಗಳು ಇಪ್ಪತ್ತೈದು ತುಂಬದವರಿಗೆ ಕಾರು ಕೊಡಲು ಒಪ್ಪುವುದಿಲ್ಲ ಅಥವಾ ಹೆಚ್ಚುವರಿ ಶುಲ್ಕ ಹಾಕುತ್ತವೆ, ಮತ್ತು ಆರು ಜನಕ್ಕೆ ಸಾಮಾನ್ಯ ಕಾರು ಸಾಲುವುದಿಲ್ಲ. ಉತ್ತರದಲ್ಲಿ ಇನ್ನೊಂದು ಅಪಾಯವಿದೆ. ಡೆರಿ ನಗರದ ಸುತ್ತ ಫೋನಿನ ನಕ್ಷೆ ತೋರಿಸುವ ಹತ್ತಿರದ ದಾರಿ ನಿಮಗೆ ಅರಿವಿಲ್ಲದೆಯೇ ಡೊನೆಗಾಲ್ ಕೌಂಟಿಗೆ, ಅಂದರೆ ಗಣರಾಜ್ಯಕ್ಕೆ, ಹೊಗಬಹುದು. ಗಡಿ ದಾಟಿದ್ದು ತಿಳಿಯುವುದು ವೇಗಮಿತಿಯ ಫಲಕ ಮೈಲಿಯಿಂದ ಕಿಲೋಮೀಟರಿಗೆ ಬದಲಾದಾಗ. ಬೆಲ್‌ಫಾಸ್ಟಿನಿಂದ ಹೊರಡುವ ಕೆಲವು ಪ್ರವಾಸಿ ಬಸ್ಸುಗಳೂ ಡೊನೆಗಾಲ್‌ಗೆ ಹೋಗುತ್ತವೆ, ಟಿಕೆಟ್ ಕೊಳ್ಳುವ ಮೊದಲು ದಾರಿ ಕೇಳಿ.

ಊಟದ ಬಗ್ಗೆ ಸಸ್ಯಾಹಾರಿಗಳು ಹೆದರಬೇಕಾಗಿಲ್ಲ, ಆದರೆ ಕೇಳುವ ಸಂಕೋಚ ಬಿಡಬೇಕು. ಆಲೂಗಡ್ಡೆ ಚಿಪ್ಸನ್ನು ಕೆಲವು ಅಂಗಡಿಗಳಲ್ಲಿ ದನದ ಕೊಬ್ಬಿನಲ್ಲಿ ಕರಿಯುತ್ತಾರೆ, ತರಕಾರಿ ಸೂಪಿಗೆ ಕೋಳಿಯ ಸಾರು ಹಾಕಿರುವುದುಂಟು. ಎಣ್ಣೆ ಯಾವುದು, ಸಾರು ಯಾವುದು ಎಂದು ನೇರವಾಗಿ ಕೇಳಿದರೆ ಬೇಸರವಿಲ್ಲದೆ ಹೇಳುತ್ತಾರೆ. ಚಾಂಪ್ ಎಂದರೆ ಹಿಸುಕಿದ ಆಲೂಗಡ್ಡೆಗೆ ಈರುಳ್ಳಿ ಸೊಪ್ಪು, ಹಾಲು, ಬೆಣ್ಣೆ ಕಲಸಿದ್ದು, ಮಳೆಯಲ್ಲಿ ನೆನೆದು ಬಂದವರಿಗೆ ಅದಕ್ಕಿಂತ ಹಿತವಾದದ್ದಿಲ್ಲ. ಸೋಡಾ ಬ್ರೆಡ್, ಆಲೂಗಡ್ಡೆ ಬ್ರೆಡ್ ಎರಡೂ ಅಲ್ಲಿಯವೇ. ಅಡುಗೆಮನೆ ಇರುವ ಹಾಸ್ಟೆಲಿನಲ್ಲಿ ಆರು ಹಾಸಿಗೆಯ ಒಂದು ಕೋಣೆ ಹಿಡಿದರೆ ರಾತ್ರಿ ಚಿತ್ರಾನ್ನ ಮಾಡಿಕೊಳ್ಳಬಹುದು. ಹುಳಿ, ಒಗ್ಗರಣೆ ಸಾಮಾನು ಒಂದು ಡಬ್ಬಿಯಲ್ಲಿ ಹಿಡಿಯುತ್ತದೆ. ಬೆಲ್‌ಫಾಸ್ಟಿನಲ್ಲಿ ಪೌಂಡೇ ನಡೆಯುತ್ತದೆ. ಆದರೆ ಅಲ್ಲಿನ ಬ್ಯಾಂಕುಗಳು ತಮ್ಮದೇ ನೋಟು ಅಚ್ಚು ಹಾಕುತ್ತವೆ, ಅವನ್ನು ಲೀಡ್ಸಿನ ಅಂಗಡಿಯವರು ಅನುಮಾನದಿಂದ ನೋಡುವುದುಂಟು, ಹೊರಡುವ ಮೊದಲೇ ಖರ್ಚು ಮಾಡಿಬಿಡಿ.

ಇನ್ನು ಡಬ್ಲಿನ್. ಬೇಸಿಗೆಯ ಕೊನೆಗೆ ಹೋಗುವುದಾದರೆ ಅರ್ಜಿಯ ಸಿದ್ಧತೆಯನ್ನು ಈಗಲೇ ಶುರುಮಾಡಿ, ಪ್ರಯಾಣದ ದಿನಕ್ಕೆ ಮೂರು ತಿಂಗಳ ಮೊದಲಿನಿಂದ ಅರ್ಜಿ ಸಲ್ಲಿಸಲು ಅವಕಾಶವಿದೆ. ಒಂದು ಬಾರಿಯ ಪ್ರವೇಶಕ್ಕೆ 60 ಯುರೋ, ಹಲವು ಬಾರಿಯದಕ್ಕೆ 100 ಯುರೋ ಶುಲ್ಕ. ಗುಂಪಾಗಿ ಹೋದರೂ ಅರ್ಜಿ ಪ್ರತಿಯೊಬ್ಬರದೂ ಪ್ರತ್ಯೇಕ. ವಿಶ್ವವಿದ್ಯಾಲಯದ ಪತ್ರ, ಆರು ತಿಂಗಳ ಬ್ಯಾಂಕ್ ವಿವರ, ಉಳಿಯುವ ಜಾಗದ ಕಾಯ್ದಿರಿಸುವಿಕೆ, ಹೋಗಿಬರುವ ಯೋಜನೆ, ಮರಳಿ ಬಂದು ಓದು ಮುಂದುವರಿಸುವುದನ್ನು ತಿಳಿಸುವ ನಿಮ್ಮದೇ ಪತ್ರ, ಇಷ್ಟು ಅಚ್ಚುಕಟ್ಟಾಗಿರಲಿ. ಖಾತೆಗೆ ಅರ್ಜಿಯ ಹಿಂದಿನ ದಿನ ಯಾರದೋ ದೊಡ್ಡ ಮೊತ್ತ ಬಂದು ಬಿದ್ದಿದ್ದರೆ ಅದು ಎಲ್ಲಿಂದ ಬಂತೆಂದು ಪತ್ರದಲ್ಲೇ ಬರೆಯಿರಿ, ಬರೆಯದೆ ಬಿಟ್ಟದ್ದೇ ಅನುಮಾನಕ್ಕೆ ದಾರಿ. ಡಬ್ಲಿನ್ನಿನಿಂದ ಬೆಲ್‌ಫಾಸ್ಟಿಗೆ ಹೋಗಿ ಮತ್ತೆ ಡಬ್ಲಿನ್ನಿಗೆ ಬರುವ ಯೋಚನೆ ಇದ್ದರೆ ಹಲವು ಬಾರಿಯ ವೀಸಾವನ್ನೇ ಕೇಳಿ, ಏಕೆಂದರೆ ಉತ್ತರಕ್ಕೆ ದಾಟಿದ ಕ್ಷಣ ನೀವು ಐರ್ಲೆಂಡನ್ನು ಬಿಟ್ಟು ಹೋದಂತೆ. ಮತ್ತೊಂದು ಸಣ್ಣ ಸಂಗತಿ: ಬ್ರಿಟನ್ ಯುರೋಪಿಯನ್ ಒಕ್ಕೂಟದಿಂದ ಹೊರಬಂದ ಮೇಲೆ ಇಂಗ್ಲೆಂಡಿನಿಂದ ಗಣರಾಜ್ಯಕ್ಕೆ ಹಾಲಿನ ಮತ್ತು ಮಾಂಸದ ಪದಾರ್ಥಗಳನ್ನು ಪ್ರಯಾಣಿಕರು ಒಯ್ಯುವಂತಿಲ್ಲ. ಅಮ್ಮ ಕಳಿಸಿದ ತುಪ್ಪ, ಧಾರವಾಡ ಪೇಡಾ ಲೀಡ್ಸಿನಲ್ಲೇ ಇರಲಿ.

ಡಬ್ಲಿನ್ನಿನಲ್ಲಿ ನೀವು ನೋಡಲೇಬೇಕಾದದ್ದು ಯಾವುದು ಎಂದು ನನ್ನನ್ನು ಕೇಳಿದರೆ ಕಿಲ್‌ಮೇನಮ್ ಜೈಲು ಎನ್ನುತ್ತೇನೆ. 1916ರ ಏಪ್ರಿಲ್ 24ರಂದು, ಈಸ್ಟರ್ ಸೋಮವಾರ, ಪ್ಯಾಟ್ರಿಕ್ ಪಿಯರ್ಸ್ ನಗರದ ಪ್ರಧಾನ ಅಂಚೆ ಕಚೇರಿಯ ಮುಂದೆ ಐರಿಷ್ ಗಣರಾಜ್ಯದ ಘೋಷಣೆ ಓದಿದರು. ದಂಗೆ ವಾರದೊಳಗೆ ಅಡಗಿತು. ಮೇ 3ರಿಂದ 12ರ ನಡುವೆ ಹದಿನಾಲ್ಕು ಜನರನ್ನು ಈ ಜೈಲಿನ ಕಲ್ಲು ಒಡೆಯುವ ಅಂಗಳದಲ್ಲಿ ಗುಂಡಿಟ್ಟು ಕೊಂದರು. ಗಾಯದಿಂದ ನಿಲ್ಲಲಾರದ ಜೇಮ್ಸ್ ಕಾನಲಿಯನ್ನು ಕುರ್ಚಿಗೆ ಕಟ್ಟಿ ಕೂರಿಸಿದ್ದರು. ಜೋಸೆಫ್ ಪ್ಲಂಕೆಟ್ ಸಾಯುವ ಕೆಲವೇ ಗಂಟೆಗಳ ಮೊದಲು ಜೈಲಿನ ಪ್ರಾರ್ಥನಾ ಮಂದಿರದಲ್ಲಿ ಗ್ರೇಸ್ ಗಿಫರ್ಡ್‌ಳನ್ನು ಮದುವೆಯಾದರು. ಆ ಅಂಗಳದಲ್ಲಿ ಈಗ ಎರಡು ಕಡೆ ಎರಡು ಸಾದಾ ಶಿಲುಬೆಗಳಿವೆ, ಒಂದು ಕಾನಲಿಯನ್ನು ಕೂರಿಸಿದ ಜಾಗದಲ್ಲಿ. ಸುತ್ತಲೂ ಎತ್ತರದ ಬೂದು ಗೋಡೆ. ಒಳಗೆ ಮಾರ್ಗದರ್ಶಕರ ಜೊತೆಯಲ್ಲಿ ಮಾತ್ರ ಬಿಡುತ್ತಾರೆ, ಟಿಕೆಟ್ 28 ದಿನ ಮುಂಚೆ ಆನ್‌ಲೈನಿನಲ್ಲಿ ತೆರೆಯುತ್ತದೆ, ಬೇಗ ತೀರುತ್ತದೆ. ಆ ದಿನ ಬೆಳಿಗ್ಗೆಯೇ ಕಂಪ್ಯೂಟರ್ ಮುಂದೆ ಕುಳಿತುಕೊಳ್ಳಿ.

ಆ ವರ್ಷ ಡಬ್ಲಿನ್ನಿನಲ್ಲಿ ಕಾನೂನು ಓದುತ್ತಿದ್ದ ಒಬ್ಬ ಭಾರತೀಯ ವಿದ್ಯಾರ್ಥಿಯೂ ಇದ್ದರು. ವಿ. ವಿ. ಗಿರಿ 1913ರಲ್ಲಿ ಅಲ್ಲಿಗೆ ಹೋಗಿ, ಐರಿಷ್ ಕ್ರಾಂತಿಕಾರಿಗಳ ಸಂಪರ್ಕದ ಅನುಮಾನದಿಂದ 1916ರಲ್ಲಿ ದೇಶ ಬಿಡಬೇಕಾಯಿತು. ಅವರೇ 1965ರಿಂದ 1967ರವರೆಗೆ ನಮ್ಮ ಮೈಸೂರು ರಾಜ್ಯದ ರಾಜ್ಯಪಾಲರು, ಆಮೇಲೆ ರಾಷ್ಟ್ರಪತಿ. ನಮ್ಮ ಸಂವಿಧಾನದ ರಾಜ್ಯ ನೀತಿ ನಿರ್ದೇಶಕ ತತ್ತ್ವಗಳ ಮಾದರಿ ಬಂದದ್ದೂ 1937ರ ಐರಿಷ್ ಸಂವಿಧಾನದಿಂದ. ಇದನ್ನು ತಿಳಿದು ಆ ಅಂಚೆ ಕಚೇರಿಯ ಕಂಬಗಳ ಮೇಲಿನ ಗುಂಡಿನ ಗುರುತುಗಳನ್ನು ಮುಟ್ಟಿ ನೋಡುವುದಕ್ಕೂ ತಿಳಿಯದೆ ನೋಡುವುದಕ್ಕೂ ವ್ಯತ್ಯಾಸವಿದೆ ಎಂಬುದು ನನ್ನ ಅನುಭವ.

ಉಳಿದವನ್ನು ಬೇಗ ಹೇಳಿಬಿಡುತ್ತೇನೆ. ಟ್ರಿನಿಟಿ ಕಾಲೇಜಿನಲ್ಲಿರುವ, ಸುಮಾರು 1,200 ವರ್ಷ ಹಳೆಯ ಕೆಲ್ಸ್ ಹಸ್ತಪ್ರತಿಗೆ ಟಿಕೆಟ್ ಇದೆ; ಆದರೆ ಡಬ್ಲಿನ್ ಕೋಟೆಯೊಳಗಿನ ಚೆಸ್ಟರ್ ಬೀಟಿ ಗ್ರಂಥಾಲಯ ಉಚಿತ, ಅದರ ಸಂಗ್ರಹದಲ್ಲಿ ಮೊಘಲ್ ಕಾಲದ ಚಿತ್ರಗಳೂ ಸೇರಿವೆ. ಕಿಲ್ಡೇರ್ ಬೀದಿಯ ರಾಷ್ಟ್ರೀಯ ಮ್ಯೂಸಿಯಂ ಕೂಡ ಉಚಿತ, ಭಾನುವಾರ ಮಧ್ಯಾಹ್ನ ಒಂದಕ್ಕೆ ತೆರೆಯುತ್ತದೆ. ಅದಕ್ಕೆ ಮೊದಲಿನ ಬೆಳಗ್ಗೆಯನ್ನು ಹೌತ್ ಎಂಬ ಮೀನುಗಾರರ ಊರಿಗೆ ಕೊಡಿ; ಡಾರ್ಟ್ ರೈಲಿನಲ್ಲಿ ಅರ್ಧ ಗಂಟೆ, ಇಳಿದರೆ ಎದುರಿಗೇ ಬಂದರು, ಸಮುದ್ರದ ಮೇಲಿನ ಬಂಡೆಯ ಅಂಚಿನಲ್ಲಿ ಎರಡು ಗಂಟೆಯ ಕಾಲುದಾರಿ. ಮೋಹರ್ ಬಂಡೆಗಳು 214 ಮೀಟರ್ ಎತ್ತರದವು, ನಿಜ, ಆದರೆ ಎರಡು ದಿನದವರಿಗೆ ಹೌತ್ ಕೊಡುವ ಸಮುದ್ರ ಸಾಕು. ಮೋಹರಿಗೆ ಒಂದು ರಾತ್ರಿ ಗಾಲ್ವೇಯಲ್ಲಿ ಉಳಿಯುವ ದಿನ ಬರಲಿ. ನಗರದ ಬಸ್ಸುಗಳ ಹಣೆಯ ಮೇಲೆ ಆನ್ ಲಾರ್ ಎಂದು ಕಂಡರೆ ಗಾಬರಿಯಾಗಬೇಡಿ, ಐರಿಷ್ ಭಾಷೆಯಲ್ಲಿ ಊರ ನಡುವೆ ಎಂದರ್ಥ. ಬಸ್ಸಿನಿಂದ ಇಳಿಯುವಾಗ ಚಾಲಕರಿಗೆ ಥ್ಯಾಂಕ್ಸ್ ಹೇಳುವುದು ಎರಡೂ ಐರ್ಲೆಂಡಿನ ವಾಡಿಕೆ, ನೀವೂ ಹೇಳಿ.

ಈ ವಾರ ಮಾಡಬೇಕಾದದ್ದು ಇಷ್ಟು: ಆರು ಜನ ಒಟ್ಟಿಗೆ ಕುಳಿತು ಬೆಲ್‌ಫಾಸ್ಟಿನ ಟಿಕೆಟ್ ಮತ್ತು ಹಾಸ್ಟೆಲ್ ಕೋಣೆ ಕಾಯ್ದಿರಿಸಿ, ಭಾನುವಾರ ಮರಳುವ ಟಿಕೆಟ್ಟನ್ನು ಕೊನೆಯ ವಿಮಾನಕ್ಕೆ ಬದಲು ಅದರ ಹಿಂದಿನದಕ್ಕೆ ಕೊಳ್ಳಿ, ಒಂದು ವಿಮಾನ ರದ್ದಾದರೂ ಸೋಮವಾರದ ತರಗತಿಗೆ ನೀವು ಲೀಡ್ಸಿನಲ್ಲಿರುತ್ತೀರಿ. ಅದೇ ದಿನ, ಅದೇ ಮೇಜಿನ ಮುಂದೆ, ಐವರೂ ಡಬ್ಲಿನ್ನಿನ ವೀಸಾ ಅರ್ಜಿಗೆ ವಿಶ್ವವಿದ್ಯಾಲಯದ ಪತ್ರ ಕೇಳಿ ಕಚೇರಿಗೆ ಇ-ಮೇಲ್ ಕಳಿಸಿ. ಅರ್ಜಿಯ ಜೊತೆ ಪಾಸ್‌ಪೋರ್ಟನ್ನೂ ಒಪ್ಪಿಸಬೇಕಾಗುವುದರಿಂದ, ಅರ್ಜಿ ಸಲ್ಲಿಸುವುದು ಬೆಲ್‌ಫಾಸ್ಟಿನಿಂದ ಮರಳಿದ ಮೇಲಿನ ಸೋಮವಾರಕ್ಕೆ ಇರಲಿ.